ಟಿವಿ ಸ್ಪರ್ಧೆಗೆ ಹೊರಟ ಕಲಾವಿದರು ಸಹಿಗೆ ಮೊದಲು ಆಡಬೇಕಾದ ರೊಕ್ಕದ ಮಾತು

ಜಾತ್ರೆ ಕಮಿಟಿಯವರು ಮನೆಗೆ ಬಂದರೆ ನಮ್ಮ ಧಾರವಾಡ, ಗದಗ, ಹಾವೇರಿ ಕಡೆಯ ಹಾಡುಗಾರರು, ಡೊಳ್ಳಿನ ಮೇಳದವರು, ನಾಟಕದವರು ಮೂರು ಮಾತು ಕೇಳದೆ ಎಲೆ ಅಡಿಕೆ ಮುಟ್ಟುವುದಿಲ್ಲ: ಯಾವ ತಾರೀಖು, ಎಷ್ಟು ತಾಸು, ಸಂಚಕಾರ ಎಷ್ಟು. ಅದೇ ಮಂದಿಗೆ ಚಾನೆಲ್ಲಿನ ಹೆಸರು ಹೇಳಿ ಬೆಂಗಳೂರಿನಿಂದ ಫೋನ್ ಬಂದರೆ ಮೂರೂ ಮಾತು ಗಂಟಲಲ್ಲೇ ಉಳಿಯುತ್ತವೆ. ಕೇಳಿದರೆ ಅವಕಾಶ ತಪ್ಪೀತು ಎಂಬ ಅಂಜಿಕೆ. ಈ ಅಂಜಿಕೆಯನ್ನು ನಂಬಿಕೊಂಡೇ ಎಷ್ಟೋ ಕರಾರುಗಳು ತಯಾರಾಗುತ್ತವೆ.

ಆಕಾಶವಾಣಿ ಧಾರವಾಡ 1950ರಲ್ಲಿ ಶುರುವಾಯಿತು. ಅಲ್ಲಿ ಧ್ವನಿ ಪರೀಕ್ಷೆ ಇದೆ, ಬಿ, ಬಿ-ಹೈ, ಎ, ಟಾಪ್ ಎಂಬ ಶ್ರೇಣಿ ಇದೆ, ಶ್ರೇಣಿಗೆ ತಕ್ಕ ಸಂಭಾವನೆ ಇದೆ. ತಾರೀಖು, ಅವಧಿ, ಮೊತ್ತ ಬರೆದ ಕಾಗದ ಹಾಡುವ ಮೊದಲೇ ಕೈಗೆ ಬರುತ್ತದೆ. ಕಲಾವಿದರ ಕೆಲಸಕ್ಕೆ ಬೆಲೆ ಕಟ್ಟಿ ಬರೆದುಕೊಡುವುದು ಆಗದ ಮಾತಲ್ಲ ಎನ್ನುವುದಕ್ಕೆ ಇದಕ್ಕಿಂತ ಹತ್ತಿರದ ಉದಾಹರಣೆ ಬೇಕಿಲ್ಲ. ಸ್ಪರ್ಧೆಯ ಹೆಸರಿನ ಟಿವಿ ಕಾರ್ಯಕ್ರಮಕ್ಕೆ ಬಂದಾಗ ಮಾತು ಬೇರೆಯಾಗುತ್ತದೆ: "ನೀವು ಸ್ಪರ್ಧಿ, ಕೆಲಸಗಾರರಲ್ಲ. ನಾವು ವೇದಿಕೆ ಕೊಡ್ತೀವಿ, ನೀವು ಫೇಮಸ್ ಆಗ್ತೀರಿ." ಆದರೆ ನಿರೂಪಕರಿಗೆ ಪಗಾರ ಇದೆ, ತೀರ್ಪುಗಾರರಿಗೆ ಇದೆ, ಲೈಟ್ ಹಿಡಿದವರಿಗೂ ಇದೆ. ಜಾಹೀರಾತು ಬರುವುದು ಸ್ಪರ್ಧಿಯ ಹಾಡು, ಕುಣಿತ, ನಗೆ ನೋಡಲು ಜನ ಕೂರುವುದರಿಂದ. ಹೆಸರು ಸಿಗುವುದು ನಿಜ, ಅದು ಪಗಾರದ ಜತೆಗೆ ಸಿಗಬೇಕು. ಪಗಾರದ ಬದಲಿಗೆ ಬರುವುದಾದರೆ ಅದನ್ನು ಒಪ್ಪಬಾರದು.

ಆಡಿಷನ್ನಿನ ಹೊತ್ತಿಗೆ

ಆಡಿಷನ್ನಿಗೆ ರೊಕ್ಕ ಕೊಡಬೇಡಿ. ನೋಂದಣಿ ಶುಲ್ಕ, ಗ್ರೂಮಿಂಗ್ ಶುಲ್ಕ, ಪೋರ್ಟ್‌ಫೋಲಿಯೊ ಶುಲ್ಕ, ಮರಳಿ ಕೊಡುವ ಠೇವಣಿ ಎಂದು ಹೆಸರು ಏನೇ ಇರಲಿ, ನೀವು ಕೊಡುವಲ್ಲಿ ಅದು ಕೆಲಸವಲ್ಲ. ವಂಚಕರು ಚಾನೆಲ್ಲಿನ ಲೋಗೊ ಹಾಕಿದ ವಾಟ್ಸ್ಆ್ಯಪ್ ಚಿತ್ರ ಇಟ್ಟುಕೊಂಡು, "ನಿಮ್ಮ ರೀಲ್ಸ್ ನೋಡಿ ಸೆಲೆಕ್ಟ್ ಮಾಡೀವಿ" ಎಂದು ಶುರು ಮಾಡಿ, ಎರಡನೇ ಫೋನಿನಲ್ಲಿ ಯುಪಿಐ ನಂಬರ್ ಕಳಿಸುತ್ತಾರೆ. ಪರೀಕ್ಷೆ ಸುಲಭ: ಆಡಿಷನ್ನಿನ ಸ್ಥಳ, ತಾರೀಖು ಚಾನೆಲ್ಲಿನ ಪರದೆಯ ಮೇಲೆ ಅಥವಾ ಅದರ ಅಧಿಕೃತ ಪುಟದಲ್ಲಿ ಬಂದಿದೆಯೇ ನೋಡಿ. ಇಲ್ಲದಿದ್ದರೆ ಮಾತು ಮುಂದುವರಿಸಬೇಡಿ. ರೊಕ್ಕ ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ತಾಸು ಕಳೆದಷ್ಟೂ ಆ ಹಣ ಖಾತೆಯಿಂದ ಖಾತೆಗೆ ಹಾರುತ್ತದೆ, ಬ್ಯಾಂಕು ತಡೆಹಿಡಿಯುವುದು ಕಷ್ಟವಾಗುತ್ತದೆ.

ನಿಜವಾದ ಆಡಿಷನ್ನಿನಲ್ಲಿ ಅಪಾಯ ಬೇರೆ ಇದೆ. ಹುಬ್ಬಳ್ಳಿಯ ಯಾವುದೋ ಕಾಲೇಜಿನ ಅಂಗಳದಲ್ಲಿ ಮುಂಜಾನೆಯಿಂದ ಪಾಳಿ ನಿಂತು, ಮಧ್ಯಾಹ್ನ ಮೇಜಿನ ಬಳಿ ಬಂದಾಗ ಎರಡು ಪುಟದ ಇಂಗ್ಲಿಷ್ ಫಾರ್ಮ್ ಮುಂದೆ ಬರುತ್ತದೆ. ಹೆಸರು, ವಿಳಾಸದ ಕೆಳಗೆ ಸಣ್ಣ ಅಕ್ಷರದಲ್ಲಿ ನಿಮ್ಮ ಧ್ವನಿ, ಚಿತ್ರ, ಬದುಕಿನ ಕಥೆ ಎಲ್ಲವನ್ನೂ ಬಳಸುವ ಒಪ್ಪಿಗೆ ಇರಬಹುದು, ಆಯ್ಕೆಯಾದರೆ ಅವರು ಕೊಡುವ ಕರಾರಿಗೆ ಸಹಿ ಮಾಡುತ್ತೇನೆ ಎಂಬ ಸಾಲೂ ಇರಬಹುದು. ನೋಡದ ಕರಾರಿಗೆ ಮುಂಗಡವಾಗಿ ಒಪ್ಪಿಗೆ ಕೊಟ್ಟಂತಾಗುವುದು ಈ ಎರಡನೆಯ ಸಾಲಿನಿಂದ. ಅದರ ಮೇಲೆ ಗೆರೆ ಎಳೆದು ಪಕ್ಕದಲ್ಲಿ ಚಿಕ್ಕ ಸಹಿ ಹಾಕಿ, ಆಮೇಲೆ ಕೊನೆಯ ಸಹಿ. ಫಾರ್ಮಿನ ಎರಡೂ ಪುಟದ ಫೋಟೊ ತೆಗೆದುಕೊಳ್ಳದೆ ಮೇಜು ಬಿಡಬೇಡಿ. ಫೋಟೊ ಬೇಡವೆನ್ನುವ ಕಡೆ ಸಹಿಯೂ ಬೇಡ.

ನಿಮ್ಮ ದಿನದ ಬೆಲೆ

"ಎಷ್ಟು ಕೊಡ್ತೀರಿ" ಎಂದು ಕೇಳುವ ಮೊದಲು ನಿಮಗೆ ಎಷ್ಟು ಬೇಕು ಎನ್ನುವುದು ನಿಮಗೇ ಗೊತ್ತಿರಬೇಕು. ಒಂದು ಹಾಳೆ ಸಾಕು. ಗದಗಿನ ಒಬ್ಬ ಗಾಯಕಿಯ ಲೆಕ್ಕ ಎಂದು ಊಹಿಸಿಕೊಳ್ಳಿ. ಶೂಟಿಂಗು ಏಳು ಸುತ್ತು. ಒಂದೊಂದು ಸುತ್ತಿಗೆ ರಿಹರ್ಸಲ್, ಶೂಟಿಂಗ್, ಹೋಗಿಬರುವ ದಿನ ಸೇರಿ ಆರು ದಿನ. ಒಟ್ಟು 42 ದಿನ. ಆ ಅವಧಿಯಲ್ಲಿ ಬಿಟ್ಟುಕೊಡಬೇಕಾದ ಕಾರ್ಯಕ್ರಮ 12, ಒಂದಕ್ಕೆ ₹4,000ದಂತೆ ₹48,000. ನಾಲ್ಕು ತಿಂಗಳು ನಿಲ್ಲುವ ಸಂಗೀತ ಪಾಠದ ಫೀ ತಿಂಗಳಿಗೆ ₹9,000ದಂತೆ ₹36,000. ಸುತ್ತಿಗೊಂದು ಹೊಸ ಉಡುಪು ₹2,500ರಂತೆ ₹17,500. ಜತೆಗೊಬ್ಬರು ಸೇರಿ ಹೋಗಿಬರುವ ಖರ್ಚು ಸುತ್ತಿಗೆ ₹2,400ರಂತೆ ₹16,800. ಕೂಡಿದರೆ ₹1,18,300. ಇದನ್ನು 42ರಿಂದ ಭಾಗಿಸಿದರೆ ದಿನಕ್ಕೆ ₹2,800ಕ್ಕೂ ಮೇಲೆ. ಇಷ್ಟು ಸಿಕ್ಕರೆ ಆಕೆಗೆ ನಷ್ಟವಿಲ್ಲ, ಅಷ್ಟೇ. ಗಳಿಕೆ ಶುರುವಾಗುವುದು ಅದರ ಮೇಲೆ.

ಈ ಲೆಕ್ಕದಲ್ಲಿ ಜನ ಎರಡು ಕಡೆ ತಪ್ಪುತ್ತಾರೆ. ಪ್ರಯಾಣದ ದಿನವನ್ನು ಬಿಡುವುದು ಒಂದು. ಹುಬ್ಬಳ್ಳಿಯಿಂದ ಬೆಂಗಳೂರಿಗೆ ರೈಲಿನಲ್ಲಿ ಏಳೆಂಟು ತಾಸು, ಹಾವೇರಿಯ ಹಳ್ಳಿಯಿಂದಾದರೆ ರೈಲು ಹಿಡಿಯಲು ಇನ್ನೆರಡು ತಾಸು. ಅದು ಮನೆಯಲ್ಲಿ ಕುಳಿತ ದಿನವಲ್ಲ. ಸೀಸನ್ ಯಾವ ತಿಂಗಳಲ್ಲಿ ಬೀಳುತ್ತದೆ ಎಂದು ನೋಡದೆ ಇರುವುದು ಇನ್ನೊಂದು. ಶಿವರಾತ್ರಿಯ ಸಿದ್ಧಾರೂಢರ ಜಾತ್ರೆ, ಬೇಸಿಗೆಯ ತೋಂಟದಾರ್ಯ ಜಾತ್ರೆ, ಅದರ ಸುತ್ತಮುತ್ತಲ ಊರಹಬ್ಬಗಳು, ಮದುವೆ ಮುಹೂರ್ತಗಳು, ಹೀಗೆ ನಮ್ಮ ಭಾಗದ ಕಲಾವಿದರ ವರ್ಷದ ದುಡಿಮೆ ಜನವರಿಯಿಂದ ಮೇ ತಿಂಗಳೊಳಗೆ ಆಗುತ್ತದೆ. ಡಿಸೆಂಬರಿನಲ್ಲಿ "ಬೇರೆಲ್ಲೂ ಹಾಡುವಂತಿಲ್ಲ" ಎಂಬ ಷರತ್ತಿಗೆ ಸಹಿ ಮಾಡಿದವರು ಇಡೀ ವರ್ಷದ ಗಂಟನ್ನು ಕೈಬಿಟ್ಟಂತೆ. ಆಷಾಢದಲ್ಲಿ ಅದೇ ಷರತ್ತಿನ ಬೆಲೆ ಅಷ್ಟಿಲ್ಲ. ಹಾಗಾಗಿ ಮೊತ್ತ ಕೇಳುವಾಗ ತಿಂಗಳನ್ನೂ ಕೈಯಲ್ಲಿ ಹಿಡಿದು ಕೇಳಿ.

ಕರಾರು ಓದುವುದು

ಕರಾರು ಬಹುಮಟ್ಟಿಗೆ ಇಂಗ್ಲಿಷಿನಲ್ಲಿ ಇರುತ್ತದೆ, ಇಪ್ಪತ್ತು ಪುಟವಾದರೂ ಆಗಬಹುದು, ಶೂಟಿಂಗಿನ ಹಿಂದಿನ ರಾತ್ರಿ ಹೋಟೆಲಿನ ಕೋಣೆಗೆ ಬರುವುದೂ ಉಂಟು. ಆ ಹೊತ್ತಿಗೆ ನೀವು ಊರು ಬಿಟ್ಟು ಬಂದಾಗಿದೆ, ಓಣಿಯವರಿಗೆಲ್ಲ ಹೇಳಿಯಾಗಿದೆ, ಮರಳುವ ಮುಖವಿಲ್ಲ. ಆದ್ದರಿಂದ ಆಯ್ಕೆಯಾದ ಸುದ್ದಿ ಬಂದ ದಿನವೇ ಒಂದು ಸಂದೇಶ ಕಳಿಸಿ: "ಕರಾರಿನ ಪಿಡಿಎಫ್ ಪ್ರತಿ ಏಳು ದಿನ ಮೊದಲೇ ಕಳಿಸಿಕೊಡಿ. ಓದಿದ ಮೇಲೆ ಟಿಕೆಟ್ ಬುಕ್ ಮಾಡುತ್ತೇನೆ." ಇದು ಜಗಳದ ಮಾತಲ್ಲ. ಕರಾರು ಓದಿಸಲು ವಕೀಲರ ಫೀ ಇಲ್ಲದಿದ್ದರೆ ಧಾರವಾಡ, ಗದಗ, ಹಾವೇರಿ ಜಿಲ್ಲಾ ನ್ಯಾಯಾಲಯಗಳಲ್ಲಿರುವ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ. ಮಹಿಳೆಯರು, ಮಕ್ಕಳು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಅಂಗವಿಕಲರು ಆದಾಯ ಎಷ್ಟಿದ್ದರೂ ಉಚಿತ ಕಾನೂನು ನೆರವಿಗೆ ಅರ್ಹರು. ಸಹಾಯವಾಣಿ 15100.

ಗದಗಿನ ವೀರೇಶ್ವರ ಪುಣ್ಯಾಶ್ರಮದಂಥ ಕಡೆ ಕಲಿತ ದೃಷ್ಟಿಹೀನ ಗಾಯಕರಿಗೆ ಇನ್ನೊಂದು ಎಚ್ಚರ ಬೇಕು. ಕರಾರನ್ನು ಕಾರ್ಯಕ್ರಮದ ಸಿಬ್ಬಂದಿ ಓದಿ ಹೇಳಿದರೆ ಸಾಲದು. ಫೋನಿನ ಓದುತಂತ್ರಾಂಶ ಓದಬಲ್ಲ ಪ್ರತಿಯನ್ನು ಕೇಳಿ. ಸ್ಕ್ಯಾನ್ ಮಾಡಿದ ಚಿತ್ರದ ಪಿಡಿಎಫ್ ಆದರೆ ತಂತ್ರಾಂಶ ಬಾಯಿ ಬಿಡುವುದಿಲ್ಲ, ಅಕ್ಷರವಿರುವ ಕಡತವೇ ಬೇಕು. ನೀವು ನಂಬುವ ಒಬ್ಬರು ಪೂರ್ತಿ ಓದಲಿ, ಓದಿದ್ದನ್ನು ರೆಕಾರ್ಡ್ ಮಾಡಿ ಇಟ್ಟುಕೊಳ್ಳಿ, ಓದಿದವರ ಹೆಸರು ಸಾಕ್ಷಿಯಾಗಿ ಕೊನೆಯ ಪುಟದಲ್ಲಿ ಬರಲಿ.

ಓದುವಾಗ ಮೊದಲು ಹುಡುಕಬೇಕಾದದ್ದು ಮೊತ್ತ. "ನಿರ್ಮಾಪಕರ ವಿವೇಚನೆಯಂತೆ", "ಚಾನೆಲ್ಲಿನಿಂದ ಹಣ ಬಂದ ನಂತರ" ಎಂಬ ಮಾತಿದ್ದರೆ ಅಲ್ಲಿ ಮೊತ್ತವೇ ಇಲ್ಲ ಎಂದರ್ಥ. ಅದರ ಬದಲು ಬರೆಸಬೇಕಾದ ಸಾಲು ಹೀಗಿರಲಿ: "ರಿಹರ್ಸಲ್, ಶೂಟಿಂಗ್ ಮತ್ತು ಪ್ರಯಾಣದ ಪ್ರತಿ ದಿನಕ್ಕೆ ಇಂತಿಷ್ಟು ರೂಪಾಯಿಯನ್ನು ಆಯಾ ಸುತ್ತಿನ ಶೂಟಿಂಗ್ ಮುಗಿದ 15 ದಿನದೊಳಗೆ ಕಲಾವಿದರ ಬ್ಯಾಂಕ್ ಖಾತೆಗೆ ಜಮಾ ಮಾಡತಕ್ಕದ್ದು. ಸಂಚಿಕೆ ಪ್ರಸಾರವಾಗದಿದ್ದರೂ, ಕಲಾವಿದರು ಸ್ಪರ್ಧೆಯಿಂದ ಹೊರಬಿದ್ದರೂ ಇದು ಅನ್ವಯಿಸುತ್ತದೆ." ಕೊನೆಯ ವಾಕ್ಯ ಮುಖ್ಯ. ಎಲಿಮಿನೇಟ್ ಆದವರ ಬಾಕಿ ಮರೆತುಹೋಗುವುದು ಈ ವಾಕ್ಯ ಇಲ್ಲದ ಕಡೆಯೇ. ಉಡುಪು, ಮೇಕಪ್, ವಸತಿ, ಊಟ, ಪ್ರಯಾಣ, ಅಪಘಾತ ವಿಮೆ ಯಾರ ಖರ್ಚು ಎಂದು ಒಂದೊಂದಾಗಿ ಬರೆಸಿ. ಕುಣಿತ, ಸಾಹಸದ ಕಾರ್ಯಕ್ರಮವಾದರೆ ವಿಮೆಯ ಪಾಲಿಸಿ ನಂಬರ್ ಕಣ್ಣಿಂದ ನೋಡದೆ ಹಗ್ಗ ಹಿಡಿಯಬೇಡಿ.

ಎರಡನೆಯದು ಬಂಧನದ ಷರತ್ತು. ಕಾರ್ಯಕ್ರಮ ನಡೆಯುವಾಗ ಬೇರೆ ಚಾನೆಲ್ಲಿನಲ್ಲಿ ಕಾಣಿಸಬೇಡಿ ಎನ್ನುವುದು ಒಪ್ಪತಕ್ಕ ಮಾತು. ಮುಗಿದ ಮೇಲೂ ಒಂದು ವರ್ಷ, ಎರಡು ವರ್ಷ ಎಲ್ಲೂ ಹಾಡಬೇಡಿ ಎನ್ನುವುದು ಬೇರೆ. ಭಾರತೀಯ ಕರಾರು ಕಾಯ್ದೆ 1872ರ 27ನೇ ಕಲಂ ಪ್ರಕಾರ ಉದ್ಯೋಗಕ್ಕೆ ಅಡ್ಡಿ ಹಾಕುವ ಕರಾರು ಅಷ್ಟರ ಮಟ್ಟಿಗೆ ಶೂನ್ಯ. 2006ರಲ್ಲಿ ಕ್ರಿಕೆಟಿಗ ಜಹೀರ್ ಖಾನ್ ಪ್ರಕರಣದಲ್ಲಿ, ಕರಾರಿನ ಅವಧಿ ಮುಗಿದ ಮೇಲೂ "ಮೊದಲ ಅವಕಾಶ ನಮಗೇ" ಎಂದು ಹಿಡಿದಿಟ್ಟುಕೊಳ್ಳುವ ಷರತ್ತು ನಿಲ್ಲುವುದಿಲ್ಲ ಎಂದು ಸುಪ್ರೀಂ ಕೋರ್ಟ್ ಹೇಳಿತು. ಆದರೂ ಕೋರ್ಟಿನಲ್ಲಿ ಗೆಲ್ಲುತ್ತದೆ ಎಂಬ ಧೈರ್ಯದಲ್ಲಿ ಸಹಿ ಮಾಡಬೇಡಿ. ಷರತ್ತು ಕಾಗದದ ಮೇಲಿದ್ದರೆ ನೋಟಿಸ್ ಬರುತ್ತದೆ, ನೋಟಿಸ್ ಬಂದರೆ ಜಾತ್ರೆ ಕಮಿಟಿ ಅಂಜುತ್ತದೆ, ನಿಮ್ಮ ಬುಕಿಂಗ್ ಹೋಗುತ್ತದೆ. ಮೊದಲೇ ಬರೆಸಿ: "ಜಾತ್ರೆ, ಮದುವೆ, ದೇವಸ್ಥಾನ, ಮಠ, ಶಾಲೆ ಮತ್ತು ಆಕಾಶವಾಣಿಯ ಕಾರ್ಯಕ್ರಮಗಳಿಗೆ ಈ ನಿರ್ಬಂಧ ಅನ್ವಯಿಸುವುದಿಲ್ಲ. ನಿರ್ಬಂಧವು ಕಲಾವಿದರು ಸ್ಪರ್ಧೆಯಿಂದ ಹೊರಬಿದ್ದ ದಿನ ಕೊನೆಗೊಳ್ಳುತ್ತದೆ."

ಇದರ ಬೆನ್ನಿಗೇ ಮ್ಯಾನೇಜ್‌ಮೆಂಟ್ ಕರಾರು ಬರಬಹುದು. ಕೆಲವೊಮ್ಮೆ ಅದೇ ಕಾಗದದ ಒಂದು ಅನುಬಂಧವಾಗಿ ಇರುತ್ತದೆ: ಮುಂದಿನ ಮೂರು ವರ್ಷ ಅಥವಾ ಐದು ವರ್ಷ ನೀವು ಎಲ್ಲಿ ಹಾಡಿದರೂ ನಮಗೆ ಇಷ್ಟು ಪಾಲು. ನಿಮಗಾಗಿ ಅವರು ತಂದ ಕೆಲಸದ ಮೇಲೆ ಪಾಲು ಕೇಳುವುದು ವ್ಯವಹಾರ. ಹೊಸರಿತ್ತಿಯಲ್ಲಿ ನಿಮ್ಮ ಸೋದರಮಾವ ಗೊತ್ತು ಮಾಡಿದ ಕಾರ್ಯಕ್ರಮದ ಮೇಲೂ ಪಾಲು ಕೇಳಿದರೆ ಅದಕ್ಕೆ ಸುಲಿಗೆ ಎಂದೇ ಹೆಸರು. ಈ ಅನುಬಂಧವನ್ನು ಬೇರ್ಪಡಿಸಿ, ಸ್ಪರ್ಧೆ ಮುಗಿದ ಮೇಲೆ ಮಾತಾಡೋಣ ಎನ್ನಿ.

ಮೂರನೆಯದು ಹಕ್ಕು, ಮತ್ತು ಹೆಚ್ಚು ಜನ ಕಣ್ಣು ಹಾಯಿಸಿ ಬಿಡುವ ಭಾಗವೂ ಇದೇ. ಕೃತಿಸ್ವಾಮ್ಯ ಕಾಯ್ದೆ 1957 "ಪ್ರದರ್ಶಕ" ಎಂದರೆ ಯಾರು ಎಂದು ಹೇಳುವಾಗ ನಟ, ಗಾಯಕ, ವಾದಕ, ನರ್ತಕರ ಜತೆಗೆ ದೊಂಬರಾಟದವರನ್ನೂ ಹಾವಾಡಿಗರನ್ನೂ ಸೇರಿಸಿದೆ. ಪ್ರದರ್ಶಕರ ಹಕ್ಕು 50 ವರ್ಷ ಇರುತ್ತದೆ. 2012ರ ತಿದ್ದುಪಡಿಯ ನಂತರ, ಚಿತ್ರೀಕರಣಕ್ಕೆ ಬರಹದಲ್ಲಿ ಒಪ್ಪಿದ ಪ್ರದರ್ಶಕರಿಗೂ ಅವರ ಪ್ರದರ್ಶನದ ವಾಣಿಜ್ಯ ಬಳಕೆಗೆ ರಾಯಧನ ಪಡೆಯುವ ಅರ್ಹತೆ ಇದೆ. ಹಕ್ಕು ಬಿಟ್ಟುಕೊಡುವ ಕಾಗದದಲ್ಲಿ ಅವಧಿ ಬರೆದಿರದಿದ್ದರೆ ಐದು ವರ್ಷ ಎಂದೂ, ಪ್ರದೇಶ ಬರೆದಿರದಿದ್ದರೆ ಭಾರತ ಮಾತ್ರ ಎಂದೂ ಕಾನೂನು ಭಾವಿಸುತ್ತದೆ. ಕರಾರುಗಳಲ್ಲಿ "ಶಾಶ್ವತವಾಗಿ, ವಿಶ್ವದಾದ್ಯಂತ" ಎಂದು ಬರೆಯುವುದು ಈ ಎರಡು ರಕ್ಷಣೆಯನ್ನು ತೆಗೆದುಹಾಕಲಿಕ್ಕೆ. ಆ ಎರಡು ಪದ ಹೊಡೆದು ವರ್ಷ ಬರೆಸಿ.

ನೀವೇ ಕಟ್ಟಿದ ಹಾಡು ಇದ್ದರೆ ಇನ್ನೂ ಬಿಗಿಯಾಗಿರಿ. ತತ್ವಪದ, ಗೀಗೀ ಪದ, ಲಾವಣಿಯ ಹಳೆಯ ಸಾಹಿತ್ಯ ಯಾರೊಬ್ಬರ ಸ್ವತ್ತೂ ಅಲ್ಲ, ಚಾನೆಲ್ಲಿನದೂ ಅಲ್ಲ. ನೀವು ಬರೆದ ಸಾಹಿತ್ಯ, ನೀವು ಹಾಕಿದ ಮಟ್ಟು ನಿಮ್ಮದು. "ಈ ಹಾಡನ್ನು ಕಾರ್ಯಕ್ರಮದಲ್ಲಿ ಪ್ರಸಾರ ಮಾಡಲು ಮಾತ್ರ ಅನುಮತಿ, ಮಾಲೀಕತ್ವ ಕಲಾವಿದರಲ್ಲೇ ಉಳಿಯುತ್ತದೆ" ಎಂಬ ಸಾಲಿಲ್ಲದೆ ಸ್ವಂತ ಹಾಡನ್ನು ವೇದಿಕೆಗೆ ಒಯ್ಯಬೇಡಿ. ಅದಿಲ್ಲದ ಕಡೆ ಏನಾಗುತ್ತದೆ ಎಂದರೆ, ನಾಳೆ ನಿಮ್ಮದೇ ಹಾಡನ್ನು ನಿಮ್ಮದೇ ಯೂಟ್ಯೂಬ್ ಪುಟಕ್ಕೆ ಹಾಕಿದಾಗ ಬೇರೆಯವರ ಕಾಪಿರೈಟ್ ದೂರು ಬಂದು ವಿಡಿಯೊ ಹಾರಿಹೋಗುತ್ತದೆ. ನಿಮ್ಮ ಪ್ರದರ್ಶನದ ತುಣುಕನ್ನು ನಿಮ್ಮ ಪುಟದಲ್ಲಿ ಹಾಕಿಕೊಳ್ಳುವ ಅನುಮತಿಯನ್ನೂ ಇಲ್ಲೇ ಬರೆಸಿಕೊಳ್ಳಿ. ಮುಂದಿನ ಬುಕಿಂಗಿಗೆ ಜನ ನೋಡುವುದು ಅದನ್ನೇ.

ದಂಡದ ಷರತ್ತು ನೋಡಿ ಎದೆ ಒಡೆದುಕೊಳ್ಳಬೇಡಿ. "ನಡುವೆ ಬಿಟ್ಟರೆ ₹10 ಲಕ್ಷ" ಎಂದು ಬರೆದ ಮಾತ್ರಕ್ಕೆ ಹತ್ತು ಲಕ್ಷ ಕೊಡಬೇಕಾಗುವುದಿಲ್ಲ. ಕರಾರು ಕಾಯ್ದೆಯ 74ನೇ ಕಲಂ ಪ್ರಕಾರ ಬರೆದ ಮೊತ್ತ ಗರಿಷ್ಠ ಮಿತಿ, ಸಿಗುವುದು ನ್ಯಾಯಾಲಯಕ್ಕೆ ಸಮಂಜಸ ಎನಿಸಿದ ಪರಿಹಾರ. ಆದರೂ ಆ ಅಂಕಿ ಅಂಜಿಸಲಿಕ್ಕೆ ಬಳಕೆಯಾಗುತ್ತದೆ, ಆದ್ದರಿಂದ ಆರೋಗ್ಯ, ಮನೆಯಲ್ಲಿ ಸಾವು, ಪರೀಕ್ಷೆ, ಬಾಕಿ ಪಾವತಿ ಆಗದಿರುವುದು, ಈ ನಾಲ್ಕು ಕಾರಣಕ್ಕೆ ದಂಡವಿಲ್ಲದೆ ಹೊರಬರಬಹುದು ಎಂದು ಸೇರಿಸಿ. ವ್ಯಾಜ್ಯದ ಊರು "ಮುಂಬೈ ಮಾತ್ರ" ಎಂದಿದ್ದರೆ "ಬೆಂಗಳೂರು ಅಥವಾ ಹುಬ್ಬಳ್ಳಿ" ಎಂದು ಮಾಡಿಸಿ. ಹತ್ತು ಸಾವಿರದ ಬಾಕಿಗೆ ಮುಂಬೈಗೆ ಯಾರೂ ಹೋಗುವುದಿಲ್ಲ ಎಂಬುದು ಬರೆದವರಿಗೆ ಗೊತ್ತಿರುತ್ತದೆ. ಮಧ್ಯಸ್ಥರನ್ನು ನಿರ್ಮಾಪಕರೇ ಒಬ್ಬರೇ ನೇಮಿಸುತ್ತಾರೆ ಎಂಬ ಷರತ್ತನ್ನು ಸುಪ್ರೀಂ ಕೋರ್ಟ್ 2019ರಲ್ಲೇ ತಳ್ಳಿಹಾಕಿದೆ.

"ಸ್ಪರ್ಧಿಗಳಿಗೆ ಕಾಗದ ಮಾಡೋ ಪದ್ಧತಿ ಇಲ್ಲ" ಎಂದರೆ ಹೇಳಲು ಒಂದು ಮಾತಿದೆ. 2025ರ ನವೆಂಬರ್ 21ರಿಂದ ಜಾರಿಗೆ ಬಂದ ಔದ್ಯೋಗಿಕ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಸ್ಥಿತಿಗತಿ ಸಂಹಿತೆ 2020 ದೃಶ್ಯ-ಶ್ರವ್ಯ ನಿರ್ಮಾಣದ ಪಟ್ಟಿಯಲ್ಲಿ ರಿಯಾಲಿಟಿ ಶೋಗಳನ್ನು ಹೆಸರಿಟ್ಟು ಸೇರಿಸಿದೆ. ಗಾಯಕರು, ವಾದಕರು, ನರ್ತಕರು, ನಟರು ನಿಗದಿತ ಸಂಭಾವನೆಯ ಮಿತಿಯೊಳಗೆ ಕೆಲಸಕ್ಕಿದ್ದರೆ ನಿರ್ಮಾಪಕರು ಲಿಖಿತ ಕರಾರು ಮಾಡಿಕೊಳ್ಳಲೇಬೇಕು ಎನ್ನುತ್ತದೆ. ಸ್ಪರ್ಧಿಯು ಕೆಲಸಕ್ಕಿರುವವರಲ್ಲ ಎಂದು ಅವರು ವಾದಿಸಬಹುದು. ಅದಕ್ಕಾಗಿಯೇ ದಿನಗೂಲಿ, ಶೂಟಿಂಗಿಗೆ ಕರೆದ ಹೊತ್ತು, ರಿಹರ್ಸಲ್ಲಿನ ಹಾಜರಿ ಕಾಗದದಲ್ಲಿ ಬರಬೇಕು. ಕೆಲಸವೆಂದು ತೋರಿಸುವುದು ಅವೇ.

ಮೇಳ, ಹಿಮ್ಮೇಳ

ಜಗ್ಗಲಿಗೆ, ಡೊಳ್ಳು, ವೀರಗಾಸೆ, ಕರಡಿ ಮಜಲಿನ ತಂಡ ಹೋಗುವಾಗ ಮೊತ್ತ ತಂಡಕ್ಕೆ ಎಂದು ಮಾತಾಗುತ್ತದೆ, ನಾಯಕನ ಖಾತೆಗೆ ಬೀಳುತ್ತದೆ. ಹದಿನೈದು ಜನಕ್ಕೆ ₹30,000 ಎಂದರೆ ದೊಡ್ಡದಾಗಿ ಕೇಳಿಸುತ್ತದೆ. ಮೂರು ದಿನಕ್ಕೆ ಹಂಚಿದರೆ ತಲೆಗೆ ದಿನಕ್ಕೆ ₹667 ಕೂಡ ಪೂರ್ತಿ ಇಲ್ಲ, ಅದರಲ್ಲೇ ಟೆಂಪೊ ಬಾಡಿಗೆ ಹೋದರೆ ಏನುಳಿಯಿತು? ತಲೆಗೆ, ದಿನಕ್ಕೆ ಎಂದು ಮಾತಾಡಿ, ವಾದ್ಯ ಸಾಗಿಸುವ ಖರ್ಚನ್ನು ಬೇರೆ ಇಡಿ. ತಂಡದೊಳಗೂ ಒಂದು ಹಾಳೆಯ ಮೇಲೆ ಎಲ್ಲರ ಹೆಸರು, ಪಾಲು ಬರೆದು ಎಲ್ಲರೂ ಸಹಿ ಮಾಡಿ. ಮೇಳಗಳು ಒಡೆಯುವುದು ಟಿವಿಯವರಿಂದಲ್ಲ, ಮರಳಿ ಬರುವ ಟೆಂಪೊದಲ್ಲಿ. ಸ್ಪರ್ಧಿಗೆ ತಬಲಾ ಸಾಥಿಗೆ ಊರಿನಿಂದ ಹೋದವರನ್ನು "ಅವರ ಕಡೆಯವರು" ಎಂದು ಲೆಕ್ಕದಿಂದ ಬಿಡುತ್ತಾರೆ. ಅವರ ಹೆಸರೂ ಕರಾರಿನಲ್ಲಿ ಬರಲಿ.

ಮಕ್ಕಳನ್ನು ಕಳಿಸುವವರು

ಇಲ್ಲಿ ಕಾನೂನು ಸ್ಪಷ್ಟವಾಗಿದೆ, ಪಾಲಕರಿಗೆ ಗೊತ್ತಿಲ್ಲದಿರುವುದೇ ತೊಂದರೆ. 14 ವರ್ಷದೊಳಗಿನ ಮಗು ಕಲಾವಿದನಾಗಿ ದುಡಿಯುವುದಕ್ಕೆ ಬಾಲ ಮತ್ತು ಕಿಶೋರ ಕಾರ್ಮಿಕ ಕಾಯ್ದೆ ಷರತ್ತಿನ ಮೇಲೆ ಅವಕಾಶ ಕೊಟ್ಟಿದೆ. 2017ರ ನಿಯಮಗಳ ಪ್ರಕಾರ ದಿನಕ್ಕೆ ಐದು ತಾಸಿಗಿಂತ ಹೆಚ್ಚು ಇಲ್ಲ, ವಿಶ್ರಾಂತಿ ಇಲ್ಲದೆ ಮೂರು ತಾಸು ದಾಟುವಂತಿಲ್ಲ, ಸತತ 27 ದಿನ ಮೀರುವಂತಿಲ್ಲ. ಶೂಟಿಂಗ್ ನಡೆಯುವ ಜಿಲ್ಲೆಯ ಜಿಲ್ಲಾ ದಂಡಾಧಿಕಾರಿಯ ಅನುಮತಿ ಬೇಕು, ಅದರೊಂದಿಗೆ ಮಕ್ಕಳ ಪಟ್ಟಿ, ಪಾಲಕರ ಒಪ್ಪಿಗೆ, ಸುರಕ್ಷತೆಯ ಹೊಣೆ ಹೊತ್ತವರ ಹೆಸರು ಇರುವ ಮುಚ್ಚಳಿಕೆ ಸಲ್ಲಿಕೆಯಾಗಿರಬೇಕು. ಆ ಮುಚ್ಚಳಿಕೆಗೆ ಆರು ತಿಂಗಳ ಆಯುಷ್ಯ. ಐದು ಮಕ್ಕಳಿಗೆ ಒಬ್ಬರಂತೆ ಜವಾಬ್ದಾರಿ ವ್ಯಕ್ತಿ ಇರಬೇಕು. ಮಗುವಿನ ಗಳಿಕೆಯಲ್ಲಿ ಕನಿಷ್ಠ ಶೇ 20 ಮಗುವಿನ ಹೆಸರಿನಲ್ಲಿ ರಾಷ್ಟ್ರೀಕೃತ ಬ್ಯಾಂಕಿನ ಸ್ಥಿರ ಠೇವಣಿಗೆ ನೇರವಾಗಿ ಹೋಗಬೇಕು, ಪ್ರಾಯಕ್ಕೆ ಬಂದ ಮೇಲೆ ಅದು ಮಗುವಿಗೇ.

ಪಾಲಕರು ಕೇಳಬೇಕಾದದ್ದು ಎರಡು ಕಾಗದ: ಆ ಮುಚ್ಚಳಿಕೆಯ ಪ್ರತಿ, ಠೇವಣಿಯ ರಸೀದಿ. "ಮಗುವಿಗೆ ಸಂಭಾವನೆಯೇ ಇಲ್ಲ, ಹಾಗಾಗಿ ಠೇವಣಿ ಇಲ್ಲ" ಎಂಬ ಉತ್ತರ ಬಂದರೆ ಸಂಭಾವನೆ ಏಕಿಲ್ಲ ಎಂಬಲ್ಲಿಗೆ ಮಾತು ತನ್ನಿ. ಐದು ತಾಸನ್ನು ಕ್ಯಾಮೆರಾ ಮುಂದಿನ ಹೊತ್ತು ಎಂದು ಮಾತ್ರ ಎಣಿಸಲು ಬಿಡಬೇಡಿ. ಮೇಕಪ್ ಹಾಕಿಕೊಂಡು ರಾತ್ರಿ ಹನ್ನೊಂದರವರೆಗೆ ಪಾಳಿ ಕಾಯುವ ಮಗು ಆಡುತ್ತಿಲ್ಲ, ದುಡಿಯುತ್ತಿದೆ. ಅಪ್ರಾಪ್ತರ ಸಹಿಗೆ ಕಾನೂನಿನಲ್ಲಿ ಬೆಲೆಯಿಲ್ಲ, ನೀವು ಪಾಲಕರಾಗಿ ಹಾಕುವ ಸಹಿಗೆ ಇದೆ. ಮಗು ಒಲ್ಲೆ ಎಂದರೆ ಅಲ್ಲಿಗೆ ಮುಗಿಯಿತು, ಇಚ್ಛೆಯ ವಿರುದ್ಧ ಭಾಗವಹಿಸುವಂತಿಲ್ಲ ಎಂದು ನಿಯಮವೇ ಹೇಳುತ್ತದೆ. ವಯಸ್ಸಿಗೆ ಮೀರಿದ ಹಾವಭಾವದ ನೃತ್ಯ ಮಾಡಿಸಿದರೆ ತಡೆಯಿರಿ. ಮಕ್ಕಳನ್ನು ಹಾಗೆ ತೋರಿಸದಂತೆ ಕೇಂದ್ರ ವಾರ್ತಾ ಮತ್ತು ಪ್ರಸಾರ ಸಚಿವಾಲಯ 2019ರ ಜೂನ್‌ನಲ್ಲಿ ಖಾಸಗಿ ಚಾನೆಲ್‌ಗಳಿಗೆ ಸೂಚನೆ ಕೊಟ್ಟಿದೆ. ಮಕ್ಕಳ ಸಹಾಯವಾಣಿ 1098.

ಶೂಟಿಂಗಿನ ದಿನಗಳಲ್ಲಿ

ಒಂದು ಪುಟ್ಟ ನೋಟ್‌ಬುಕ್ ಇಟ್ಟುಕೊಳ್ಳಿ. ಕರೆದ ಹೊತ್ತು, ತಲುಪಿದ ಹೊತ್ತು, ವೇದಿಕೆಗೆ ಹತ್ತಿದ ಹೊತ್ತು, ಬಿಟ್ಟ ಹೊತ್ತು, ಖರ್ಚಾದ ರೊಕ್ಕ. ಬಾಯಿಮಾತಿನಲ್ಲಿ ಆದದ್ದನ್ನು ಅದೇ ರಾತ್ರಿ ವಾಟ್ಸ್ಆ್ಯಪ್‌ನಲ್ಲಿ ಬರೆದು ಕಳಿಸಿ: "ಸರ್, ಇವತ್ತು ನೀವು ಹೇಳಿದಂತೆ ಎರಡನೇ ಸುತ್ತಿನ ಉಡುಪಿನ ಖರ್ಚು ₹3,000 ಶುಕ್ರವಾರ ಹಾಕುತ್ತೀರಿ." ಉತ್ತರ ಬರದಿದ್ದರೂ ನಡೆಯುತ್ತದೆ, ನೀವು ಕಳಿಸಿದ ತಾರೀಖು ದಾಖಲೆಯಾಯಿತು.

ಇನ್ನು ಕಣ್ಣೀರಿನ ಕಥೆ. ಕ್ಯಾಮೆರಾ ತಂಡ ಊರಿಗೆ ಬರುತ್ತದೆ, ಸೋರುವ ಮಾಳಿಗೆ ತೋರಿಸಿ ಎನ್ನುತ್ತದೆ, ಅವ್ವ ಹೊಲದಲ್ಲಿ ಕಳೆ ಕೀಳುವುದನ್ನು ಮತ್ತೊಮ್ಮೆ ಮಾಡಿ ಎನ್ನುತ್ತದೆ, ತೀರಿಹೋದ ಅಪ್ಪನ ಫೋಟೊ ಕೇಳುತ್ತದೆ. ಬಡತನದಲ್ಲಿ ನಾಚಿಕೆಯಿಲ್ಲ. ಆದರೆ ಅದು ಮನೆಮಂದಿಯೆಲ್ಲರ ಬದುಕು, ಸ್ಪರ್ಧಿಯೊಬ್ಬರ ಸಹಿಯಿಂದ ಎಲ್ಲರದೂ ಮಾರಾಟವಾಗಬಾರದು. ಯಾವುದು ಬೇಡ ಎಂದು ತಂಡ ಬರುವ ಮುಂಚೆ ಬರೆದು ತಿಳಿಸಿ: ಕಾಯಿಲೆ, ಸಾಲ, ಜಾತಿ, ತಂಗಿಯ ಮದುವೆ. ನಡೆಯದ್ದನ್ನು ನಡೆದಂತೆ ಹೇಳಿಸಿದರೆ ಹೇಳಬೇಡಿ. ಪ್ರಸಾರವಾದ ಮೇಲೆ ಊರಿನಲ್ಲಿ ಉತ್ತರ ಕೊಡಬೇಕಾದವರು ನೀವು, ಆ ತಂಡ ಅಷ್ಟೊತ್ತಿಗೆ ಬೇರೆ ಜಿಲ್ಲೆಯಲ್ಲಿರುತ್ತದೆ. ತಪ್ಪಾಗಿ ಪ್ರಸಾರವಾದರೆ ಚಾನೆಲ್ಲಿನ ದೂರು ಅಧಿಕಾರಿಗೆ ಲಿಖಿತ ದೂರು ಕೊಡಿ. 2021ರ ನಿಯಮದಂತೆ ಅವರು 15 ದಿನದಲ್ಲಿ ಉತ್ತರಿಸಬೇಕು, ಆಮೇಲೆ ಪ್ರಸಾರಕರ ಸ್ವನಿಯಂತ್ರಣ ಸಂಸ್ಥೆಗೆ ಮೇಲ್ಮನವಿ ಇದೆ.

ಅವಕಾಶದ ಹೆಸರಿನಲ್ಲಿ ಮೈಮೇಲೆ ಕೈ ಹಾಕುವುದು, ರಾತ್ರಿ ಕೋಣೆಗೆ ಕರೆಯುವುದು ಕರಾರಿನ ವಿಷಯವಲ್ಲ, ಅಪರಾಧ. ಮಹಿಳೆಯರು ನಿರ್ಮಾಣ ಸಂಸ್ಥೆಯ ಆಂತರಿಕ ಸಮಿತಿಗೆ ಮೂರು ತಿಂಗಳೊಳಗೆ ದೂರು ಕೊಡಬಹುದು. ಹತ್ತಕ್ಕಿಂತ ಕಡಿಮೆ ಜನರ ಸಂಸ್ಥೆಯಾದರೆ ಜಿಲ್ಲೆಯ ಸ್ಥಳೀಯ ಸಮಿತಿ ಇದೆ. ಪೊಲೀಸ್ ದೂರಿಗೆ ಇದಾವುದೂ ಅಡ್ಡಿಯಲ್ಲ. ತುರ್ತು ಸಹಾಯಕ್ಕೆ 112, ಮಹಿಳಾ ಸಹಾಯವಾಣಿ 181.

ಬಹುಮಾನದ ನಿಜವಾದ ಮೊತ್ತ

ಪರದೆಯ ಮೇಲೆ ಕಾಣುವ ₹10 ಲಕ್ಷ ಮನೆಗೆ ಹತ್ತು ಲಕ್ಷವಾಗಿ ಬರುವುದಿಲ್ಲ. ಟಿವಿ ಸ್ಪರ್ಧೆಯ ಬಹುಮಾನಕ್ಕೆ ಶೇ 30 ನೇರ ತೆರಿಗೆ, ಅದರ ಮೇಲೆ ಶೇ 4 ಸೆಸ್, ಕೂಡಿ ಶೇ 31.2. ಮೂಲದಲ್ಲೇ ₹3 ಲಕ್ಷ ಮುರಿದು ₹7 ಲಕ್ಷ ಕೊಡುತ್ತಾರೆ, ರಿಟರ್ನ್ ಸಲ್ಲಿಸುವಾಗ ಇನ್ನು ₹12,000 ಕಟ್ಟಬೇಕು, ಉಳಿಯುವುದು ₹6,88,000. ನಿಮ್ಮ ಉಳಿದ ಆದಾಯ ಎಷ್ಟೇ ಕಡಿಮೆಯಿದ್ದರೂ ಇದರಲ್ಲಿ ವಿನಾಯಿತಿ ಇಲ್ಲ. ಕಾರು ಅಥವಾ ನಿವೇಶನ ಬಹುಮಾನವಾದರೆ ತೆರಿಗೆ ಕಟ್ಟಿದ ಮೇಲೆಯೇ ಕೀಲಿ ಕೈಗೆ ಬರುತ್ತದೆ. ಆ ತೆರಿಗೆ ಯಾರು ಕಟ್ಟುತ್ತಾರೆ ಎಂದು ಕರಾರಿನಲ್ಲಿ ಇಲ್ಲದಿದ್ದರೆ ಗೆದ್ದವರೇ ಸಾಲ ತೆಗೆಯಬೇಕಾಗುತ್ತದೆ. ನಿವೇಶನವಾದರೆ ಖಾತೆ, ನೋಂದಣಿ ಶುಲ್ಕ, ಜಾಗದ ಸರ್ವೆ ನಂಬರ್ ಮೊದಲೇ ಕೇಳಿ.

ದಿನದ ಸಂಭಾವನೆಯ ಲೆಕ್ಕ ಬೇರೆ. ಅದರಲ್ಲಿ ಮುರಿಯುವುದು ಸಾಮಾನ್ಯವಾಗಿ ಶೇ 10, ಆದಾಯ ಕಡಿಮೆಯಿದ್ದರೆ ರಿಟರ್ನ್ ಸಲ್ಲಿಸಿ ಮರಳಿ ಪಡೆಯಬಹುದು. ಸಂಭಾವನೆಯನ್ನು ಬಹುಮಾನವೆಂದು ತೋರಿಸಿ ಶೇ 30 ಮುರಿದಿದ್ದಾರೆಯೇ ಎಂದು ತೆರಿಗೆ ಜಾಲತಾಣದ ನಿಮ್ಮ ವಾರ್ಷಿಕ ವಿವರದಲ್ಲಿ ನೋಡಿ, ತಪ್ಪಿದ್ದರೆ ತಿದ್ದಿಸಿ. ಮಗುವಿನ ಪ್ರತಿಭೆಯ ಗಳಿಕೆ ಪಾಲಕರ ಆದಾಯಕ್ಕೆ ಸೇರುವುದಿಲ್ಲ. ಮಗುವಿನ ಹೆಸರಿಗೇ ಪ್ಯಾನ್ ಮಾಡಿಸಿ.

ಬಾಕಿ ಬಾರದಿದ್ದರೆ

ಕರಾರಿನ ಗಡುವು ಮುಗಿದ ಮರುದಿನ ಇ-ಮೇಲ್ ಹಾಕಿ. ದಿನಗಳ ಪಟ್ಟಿ, ಮೊತ್ತ, ಬ್ಯಾಂಕ್ ಖಾತೆ, 15 ದಿನದ ಕಾಲಾವಕಾಶ, ಇಷ್ಟೇ ಸಾಕು, ದುಃಖ ತೋಡಿಕೊಳ್ಳುವುದು ಬೇಡ. ಪ್ರತಿ ಚಾನೆಲ್ಲಿಗೂ ಹೋಗಲಿ. ಬಾಕಿ ಇಟ್ಟವರು ಹೆಚ್ಚಾಗಿ ಹೊರಗಿನ ನಿರ್ಮಾಣ ಸಂಸ್ಥೆಯಾಗಿರುತ್ತಾರೆ, ಚಾನೆಲ್ಲಿಗೆ ಸುದ್ದಿ ಹೋಗುವುದು ಅವರಿಗೆ ಬೇಡವಾಗಿರುತ್ತದೆ. ನಂತರ ಸ್ಪೀಡ್ ಪೋಸ್ಟಿನಲ್ಲಿ ವಕೀಲರ ನೋಟಿಸ್. ಕಾನೂನು ಸೇವಾ ಪ್ರಾಧಿಕಾರದಲ್ಲಿ ದಾವೆಗೆ ಮುಂಚಿನ ಲೋಕ ಅದಾಲತ್ ಅರ್ಜಿ ಹಾಕಿದರೆ ಖರ್ಚಿಲ್ಲದೆ ಇಬ್ಬರನ್ನೂ ಕೂರಿಸುತ್ತಾರೆ, ಸಣ್ಣ ಮೊತ್ತಕ್ಕೆ ಇದೇ ಒಳ್ಳೆಯ ದಾರಿ. ಹಣದ ದಾವೆಗೆ ಬಾಕಿಯಾದ ದಿನದಿಂದ ಮೂರು ವರ್ಷ ಕಾಲಮಿತಿ. "ಮುಂದಿನ ಸೀಸನ್ನಿನಲ್ಲಿ ಸೇರಿಸಿ ಕೊಡ್ತೀವಿ" ಎಂಬ ಮಾತಿನಲ್ಲಿ ಆ ಮೂರು ವರ್ಷ ಕರಗಿಹೋಗುತ್ತದೆ. ಚೆಕ್ ಕೊಟ್ಟು ಅದು ಬೌನ್ಸ್ ಆದರೆ ಬ್ಯಾಂಕಿನ ಮೆಮೊ ಸಿಕ್ಕ 30 ದಿನದೊಳಗೆ ನೋಟಿಸ್, ಅದು ತಲುಪಿ 15 ದಿನವಾದರೂ ಹಣ ಬರದಿದ್ದರೆ ಮುಂದಿನ ಒಂದು ತಿಂಗಳೊಳಗೆ ದೂರು. ಈ ದಿನಗಳಲ್ಲಿ ಒಂದು ತಪ್ಪಿದರೂ ಪ್ರಕರಣ ಸಡಿಲವಾಗುತ್ತದೆ.

ಒಬ್ಬೊಬ್ಬರಾಗಿ ಕೇಳುವುದಕ್ಕಿಂತ ಅದೇ ಸೀಸನ್ನಿನ ಏಳೆಂಟು ಸ್ಪರ್ಧಿಗಳು ಒಂದೇ ಪತ್ರಕ್ಕೆ ಸಹಿ ಮಾಡಿದರೆ ಉತ್ತರ ಬೇಗ ಬರುತ್ತದೆ. ಅದಕ್ಕೆ ಶೂಟಿಂಗಿನಲ್ಲೇ ಪರಸ್ಪರ ನಂಬರ್ ತೆಗೆದುಕೊಂಡಿರಬೇಕು, ಯಾರಿಗೆ ಎಷ್ಟು ಎಂಬುದನ್ನು ಮುಚ್ಚಿಡದೆ ಹೇಳಿಕೊಂಡಿರಬೇಕು.

ಊರಿಗೆ ಮರಳಿದ ಮೇಲೆ

ಹೊರಬಿದ್ದ ದಿನವೇ ನಿರ್ಬಂಧ ಮುಗಿದ ತಾರೀಖನ್ನು ಇ-ಮೇಲಿನಲ್ಲಿ ದೃಢಪಡಿಸಿಕೊಳ್ಳಿ. ಜಾತ್ರೆಯವರು ಬ್ಯಾನರಿನಲ್ಲಿ ಕಾರ್ಯಕ್ರಮದ ಹೆಸರು, ಲೋಗೊ ಹಾಕುತ್ತಾರೆ. ಅದಕ್ಕೆ ಕರಾರಿನಲ್ಲಿ ತಡೆ ಇದೆಯೇ ನೋಡಿ, ಇದ್ದರೆ "ಟಿವಿ ಖ್ಯಾತಿಯ" ಎಂದಷ್ಟೇ ಹಾಕಿಸಿ. ದರ ಏರಿಸಬೇಕಾದದ್ದು ಮೊದಲ ಹಂಗಾಮಿನಲ್ಲೇ, ಮುಂದಿನ ವರ್ಷ ಪರದೆಯ ಮೇಲೆ ಬೇರೆ ಮುಖಗಳಿರುತ್ತವೆ. ಅರ್ಧ ಸಂಚಕಾರ ತಾರೀಖು ಹಿಡಿಯುವಾಗ, ಉಳಿದರ್ಧ ವೇದಿಕೆ ಹತ್ತುವ ಮುಂಚೆ. ನಿಮ್ಮ ಜತೆ ಬರುವ ಹಾರ್ಮೋನಿಯಂ, ತಬಲಾದವರ ದರವನ್ನೂ ಅದೇ ಪ್ರಮಾಣದಲ್ಲಿ ಏರಿಸಿ, ಅವರ ಪಾಲನ್ನು ಅದೇ ರಾತ್ರಿ ಅವರ ಕೈಗೆ ಕೊಡಿ.